ಬೆಂಕಿ ಮೇಸ್ತ್ರಿಯ ಮನೆಯಲ್ಲಿ ಉಬ್ಬಸ

ನಮ್ಮ ಚಿಕ್ಕಮ್ಮನನ್ನು ಊರವರು ಕರೆಯುವುದೇ ಬೆಂಕಿಕಡ್ಡಿ ಎಂದು. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಆಕೆ ಸಣಕಲು, ಕೋಪ ಮೂಗಿನ ತುದಿಯಲ್ಲಿ, ಮೇಲಾಗಿ ಕಾಡಿಗೆ ಬೆಂಕಿ ಹಚ್ಚುವುದೇ ಕೆಲಸ. ಹೆಸರು ತಾನಾಗಿ ಬಂದು ಕೂತಿತು.

ಅರಣ್ಯ ಕಚೇರಿಯಲ್ಲಿ ಹನ್ನೊಂದು ಜನರ ಗುಂಪಿಗೆ ಆಕೆ ಮೇಸ್ತ್ರಿ. ಚಳಿಗಾಲ ಮುಗಿಯುತ್ತ ಬಂದಾಗ, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ಊರ ಹಿಂದಿನ ಗುಡ್ಡದ ಕಾಡಿನಲ್ಲಿ ಉದುರಿದ ಎಲೆ, ಒಣಹುಲ್ಲು, ಕುರುಚಲನ್ನು ತುಂಡು ತುಂಡಾಗಿ ಸುಡುವುದು ಅವರ ಕೆಲಸ. ಆಗ ಮೊಣಕಾಲೆತ್ತರದ ಬೆಂಕಿಯಲ್ಲಿ ಸುಟ್ಟುಬಿಟ್ಟರೆ ಬೇಸಿಗೆಯ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿಯುವುದಿಲ್ಲ.

ಇಂಥವಳ ಕೈಹಿಡಿದ ಗಂಡ ಉಬ್ಬಸದ ಮನುಷ್ಯ. ಚಿಕ್ಕಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಪಕ್ಕ ಕತ್ತರಿ, ಕತ್ತರಿಯ ಪಕ್ಕ ಉಸಿರಿಗೆ ಎಳೆದುಕೊಳ್ಳುವ ಇನ್‌ಹೇಲರ್; ಯಾವುದು ಕೈಗೆ ಸಿಗದಿದ್ದರೂ ಒಂದೇ ಗಲಾಟೆ. ಅವರಿಗೋಸ್ಕರ ಚಿಕ್ಕಮ್ಮ ಹಿತ್ತಲಲ್ಲೇ ಒಂದು ತಗಡಿನ ಬಚ್ಚಲು ಮಾಡಿಸಿಕೊಂಡಿದ್ದಳು. ಕೆಲಸದಿಂದ ಬಂದವಳು ಅಲ್ಲೇ ಬಟ್ಟೆ ಬಿಚ್ಚಿ, ತಲೆಗೆ ನೀರು ಹಾಕಿಕೊಂಡು, ಹೊಗೆಯ ವಾಸನೆ ಪೂರ್ತಿ ಹೋದಮೇಲೆಯೇ ಒಳಗೆ ಬರುವುದು. ಮದುವೆಯಾಗಿ ಹತ್ತೊಂಬತ್ತು ವರ್ಷ ಆ ನಿಯಮ ಒಂದು ದಿನವೂ ತಪ್ಪಿರಲಿಲ್ಲ.

ನಾನು ಆಕೆಯ ಅಕ್ಕನ ಮಗಳು. ಅವರ ಮನೆಯಿಂದ ಎರಡು ಬೀದಿ ಆಚೆಗಿರುವ ಆಸ್ಪತ್ರೆಯಲ್ಲಿ ನರ್ಸ್. ಹಾಗಾಗಿ ಚಿಕ್ಕಮ್ಮನ ಕಡೆಯದನ್ನೂ ಕೇಳಿದ್ದೇನೆ, ಚಿಕ್ಕಪ್ಪನ ಎದೆಯನ್ನೂ ಕೇಳಿದ್ದೇನೆ.

ಬೆಂಕಿ ಹಚ್ಚುವುದೆಂದರೆ ಕಡ್ಡಿ ಗೀರಿ ಎಸೆದು ಬರುವುದಲ್ಲ. ಎಲೆ ಒಣಗಿರಬೇಕು, ನೆಲ ಒದ್ದೆ ಇರಬೇಕು, ಗಾಳಿ ಊರಿನಿಂದ ಗುಡ್ಡದ ಕಡೆಗೆ ಬೀಸಬೇಕು, ಹೊಗೆ ಮೇಲಕ್ಕೆ ಏರಿ ಚದುರುವಂತೆ ಬಿಸಿಲು ಕಾದಿರಬೇಕು. ಇವೆಲ್ಲ ಕೂಡಿ ಬಂದ ದಿನವೇ ಕಚೇರಿಯ ಅನುಮತಿ ಪತ್ರವೂ ಕೈಯಲ್ಲಿರಬೇಕು. "ಐದು ಜನ ಅಣ್ಣತಮ್ಮಂದಿರನ್ನ ಒಂದೇ ಫೋಟೋದಲ್ಲಿ ನಗಿಸಿದ ಹಾಗೆ ಕಣೇ ಇದು," ಎನ್ನುತ್ತಿದ್ದಳು ಚಿಕ್ಕಮ್ಮ. ಒಣ ಎಲೆಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ಚಟ್ ಎಂದರೆ ಸರಿ. ಸದ್ದಿಲ್ಲದೆ ಬಾಗಿದರೆ ಇನ್ನೆರಡು ದಿನ ಕಾಯಬೇಕು. ಇಡೀ ಚಳಿಗಾಲದಲ್ಲಿ ಸರಿಯಾದ ದಿನ ಹತ್ತು ಸಿಕ್ಕರೆ ಪುಣ್ಯ.

ಆ ಹತ್ತರಲ್ಲಿ ಒಂದೂ ಸಿಗದೆ ಮೂರು ವರ್ಷ ಕಳೆಯಿತು. ಮೊದಲನೇ ವರ್ಷ ಅನುಮತಿಯ ಕಡತ ಯಾರದೋ ಮೇಜಿನ ಮೇಲೆ ಕೂತಿತ್ತು. ಎರಡನೇ ವರ್ಷ ಹೊಸ ಸಾಹೇಬರು ಬಂದಿದ್ದರು. ಬಂದ ಹೊಸತರಲ್ಲಿ ಹೊಗೆ ಎಬ್ಬಿಸುವುದು ಅವರಿಗೆ ಬೇಡವಾಗಿತ್ತು. ಮೂರನೇ ವರ್ಷ ಕಚೇರಿ ಒಪ್ಪಿತು, ಆದರೆ ಊರು ಒಪ್ಪಲಿಲ್ಲ. ಹೊಗೆಯಿಂದ ಮಕ್ಕಳಿಗೂ ಮುದುಕರಿಗೂ ತೊಂದರೆ, ಸುಡುವುದನ್ನು ನಿಲ್ಲಿಸಿ ಎಂದು ಇನ್ನೂರ ಹದಿನಾಲ್ಕು ಜನ ಸಹಿ ಹಾಕಿ ಅರ್ಜಿ ಕೊಟ್ಟರು. ಸಾಹೇಬರು ಚಿಕ್ಕಮ್ಮನನ್ನು ಕರೆಸಿ, ಅರ್ಜಿಯನ್ನು ಮೇಜಿನ ಈಚೆಗೆ ತಳ್ಳಿದರು. ಆಕೆ ನಿಂತುಕೊಂಡೇ ಒಂದೊಂದು ಹೆಸರನ್ನೂ ಓದಿದಳು. ಮೂವತ್ತೊಂದನೇ ಸಹಿ, ಕಾಜಾ ಹೊಲಿದಷ್ಟು ಅಚ್ಚುಕಟ್ಟಾಗಿ, ಅವಳ ಗಂಡನದು.

ಅವತ್ತು ನಾನು ಚಿಕ್ಕಪ್ಪನಿಗೆ ಮದ್ದು ಕೊಡಲು ಹೋಗಿ ಅಲ್ಲೇ ಇದ್ದೆ. ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಮೂವತ್ತೊಂದನೇ ಸಹಿ ಯಾರದ್ದು ರೀ?"

ಸೂಜಿಗೆ ದಾರ ಪೋಣಿಸುತ್ತಿದ್ದ ಚಿಕ್ಕಪ್ಪ ತಲೆ ಎತ್ತಲಿಲ್ಲ. "ನಂದೇ."

"ಹೆಂಡ್ತಿ ಮೇಲೆ ದೂರು ಬರೆಯೋಕೆ ಕೈಯಾದ್ರೂ ಹೇಗೆ ಬಂತು ನಿಮಗೆ?"

"ಹೆಂಡ್ತಿ ಮೇಲೆ ಬರೆದಿಲ್ಲ ಕಣೇ. ಹೊಗೆ ಮೇಲೆ ಬರೆದಿದ್ದು."

"ಅದೆರಡೂ ಬೇರೆ ಬೇರೆನಾ ಈ ಊರಲ್ಲಿ? ಒಂದು ಮಾತು ನನ್ನ ಕೇಳಬಹುದಿತ್ತಲ್ಲ."

ಚಿಕ್ಕಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಮೂರು ವರ್ಷದ ಹಿಂದೆ ಕೊನೇ ಸಲ ನೀನು ಹಚ್ಚಿದ ದಿನ ನಂಗೆ ಹೇಳಿದ್ಯಾ? ಕಿಟಕಿ ಎಲ್ಲ ತೆಗೆದಿಟ್ಕೊಂಡು ಕೋಟು ಹೊಲೀತಾ ಕೂತಿದ್ದೆ. ಸಂಜೆ ಹೊತ್ತಿಗೆ ಹೊಗೆ ಒಳಗೆ ಬಂದು ಕೂತ್ಕೊಂಡ್ತು. ಎರಡು ದಿನ ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡ್ದೆ."

"ನಂಗೇ ಬೆಳಗ್ಗೆ ಒಂಬತ್ತಕ್ಕೆ ಕಾಗದ ಬಂದಿದ್ದು. ಹನ್ನೊಂದಕ್ಕೆ ಹಚ್ಚಿದ್ವಿ. ಊರಿಗೆ ತಿಳಿಸೋದು ಕಚೇರಿ ಕೆಲಸ."

"ಆಯ್ತು, ಊರಿಗೆ ತಿಳಿಸೋದು ಕಚೇರಿ ಕೆಲಸ. ಗಂಡಂಗೆ ತಿಳಿಸೋದು ಯಾರ ಕೆಲಸ?"

ಚಿಕ್ಕಮ್ಮನಿಗೆ ಸಿಟ್ಟು ಇಮ್ಮಡಿಯಾಯಿತು. "ಎಲೆ ಮೊಣಕಾಲುದ್ದ ಬಿದ್ದಿದೆ ಗುಡ್ಡದಲ್ಲಿ. ಮೂರು ವರ್ಷದ್ದು. ಬೇಸಿಗೆಲಿ ಅದು ತಾನಾಗಿ ಹತ್ಕೊಂಡ್ರೆ ಆಗ ಯಾರ ಮೇಲೆ ಅರ್ಜಿ ಬರೀತೀರೋ ನೋಡ್ತೀನಿ," ಎಂದು ಹಿತ್ತಲಿಗೆ ಹೋದವಳು ಒಂದು ಗಂಟೆ ಒಳಗೆ ಬರಲಿಲ್ಲ. ಆಮೇಲೆ ಒಂದು ವಾರ ಆ ಮನೆಯಲ್ಲಿ ಮಾತೆಲ್ಲ ನನ್ನ ಮೂಲಕವೇ ನಡೆಯಿತು. "ನಿನ್ನ ಚಿಕ್ಕಪ್ಪಂಗೆ ಊಟಕ್ಕೆ ಬರೋಕೆ ಹೇಳು." "ನಿನ್ನ ಚಿಕ್ಕಮ್ಮಂಗೆ ಹಸಿವಿಲ್ಲ ಅಂತ ಹೇಳು." ಇಬ್ಬರೂ ಎರಡು ಮೊಳದ ಅಂತರದಲ್ಲೇ ಕೂತಿರುತ್ತಿದ್ದರು.

ಸುಡುವುದು ನಿಂತಿತು. ಬೇಸಿಗೆಯ ಎರಡನೇ ತಿಂಗಳಲ್ಲಿ ಗುಡ್ಡದ ಹಿಂದಿನ ಕಣಿವೆಯಲ್ಲಿ ಬೆಂಕಿ ಬಿತ್ತು. ಹೇಗೆ ಬಿತ್ತೋ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ಮೊದಲ ದಿನ ಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ಎಳೆ ಕಂಡಿತು. ಮೂರನೇ ದಿನಕ್ಕೆ ಗುಡ್ಡವೇ ಕಾಣಲಿಲ್ಲ. ಚಿಕ್ಕಮ್ಮನ ಗುಂಪು ಮೇಲಕ್ಕೆ ಹೋದದ್ದು ಅಲ್ಲೇ ಉಳಿಯಿತು. ಫೋನು ಸಿಗುತ್ತಿರಲಿಲ್ಲ.

ಊರಿನಲ್ಲಿ ಮಧ್ಯಾಹ್ನವೇ ವಾಹನಗಳು ದೀಪ ಹಾಕಿಕೊಂಡು ಓಡಾಡಿದವು. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಆಸ್ಪತ್ರೆಯಲ್ಲಿ ಮದ್ದನ್ನು ಹಬೆ ಮಾಡಿ ಉಸಿರಿಗೆ ಕೊಡುವ ಯಂತ್ರ ಇದ್ದದ್ದು ಮೂರು. ಮಾಮೂಲಿ ದಿನ ಮೂರೂ ಧೂಳು ಹಿಡಿದುಕೊಂಡಿರುತ್ತವೆ. ಐದನೇ ದಿನ ಅವುಗಳ ಮುಂದೆ ನಲವತ್ತು ಜನ ಕೂತಿದ್ದರು. ಎದೆನೋವು ಎಂದು ಬಂದವರೂ ಇದ್ದರು. ಹೊಗೆ ಉಬ್ಬಸದವರನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲ, ಹೃದಯಕ್ಕೂ ಕೈ ಹಾಕುತ್ತದೆ. ನಮ್ಮ ಡಾಕ್ಟರಮ್ಮ ಬಂದವರಿಗೆಲ್ಲ ಹೇಳಿದ್ದನ್ನೇ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು. ಕಣ್ಣಿಗೆ ಕಾಣುವ ಬೂದಿಗೆ ಹೆದರಬೇಡಿ, ಅದು ಮೂಗಲ್ಲೇ ನಿಲ್ಲುತ್ತೆ. ಕಾಣದ ಕಣ, ತಲೆಗೂದಲಿನ ದಪ್ಪವನ್ನ ಮೂವತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟಿರೋದು, ಶ್ವಾಸಕೋಶದ ತಳಕ್ಕೆ ಇಳಿದು ರಕ್ತಕ್ಕೂ ಸೇರುತ್ತೆ. ಒಂದು ಕೋಣೆ ಬಾಗಿಲು ಕಿಟಕಿ ಮುಚ್ಚಿ ಅದರಲ್ಲೇ ಇರಿ. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಜನ ತಲೆಯಾಡಿಸಿ ಹೊರಗೆ ಹೋಗಿ, ಆಸ್ಪತ್ರೆಯ ಗೇಟಿನಲ್ಲೇ ನಿಂತು ಹೊಗೆಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರು.

ಚಿಕ್ಕಪ್ಪನಿಗೆ ನಾನು ಒಳಕೋಣೆ ಬಿಟ್ಟು ಬರಬೇಡಿ ಎಂದು ಹೇಳಿ ಬಂದಿದ್ದೆ. ಏಳನೇ ದಿನ ಹೋಗಿ ನೋಡಿದರೆ ಮುಂದಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಹತ್ತು ಹದಿನೈದು ಜನ ಸಾಲು ನಿಂತಿದ್ದರು. ಚಿಕ್ಕಪ್ಪ ಉಳಿದ ಬಟ್ಟೆಯನ್ನೆಲ್ಲ ಕತ್ತರಿಸಿ ಎರಡು ಪದರದ ಮುಖಗವಸು ಹೊಲಿದು, ಕೇಳಿದವರಿಗೆಲ್ಲ ಕೊಡುತ್ತಿದ್ದರು. ಇನ್ನೂರು ದಾಟಿತ್ತಂತೆ. ತುಟಿ ಸಣ್ಣಗೆ ನೀಲಿಯಾಗಿತ್ತು.

"ಚಿಕ್ಕಪ್ಪ, ಬಟ್ಟೆ ಗವಸು ಈ ಹೊಗೆ ತಡೆಯಲ್ಲ. ಅದಕ್ಕೆ ಬೇರೆ ತರದ್ದೇ ಬೇಕು, ಮುಖಕ್ಕೆ ಬಿಗಿಯಾಗಿ ಕೂರೋದು. ಆಸ್ಪತ್ರೆಗೆ ಬಂದಿದೆ, ನಿಮಗೂ ತಂದಿದೀನಿ."

"ಇಪ್ಪತ್ತೈದು ವರ್ಷದ ಕೈ ಇದು. ನನ್ನ ಹೊಲಿಗೆ ಸಂದೀಲಿ ಹೊಗೆ ನುಗ್ಗುತ್ತಾ?"

"ಹೊಲಿಗೆ ಸಂದೀಲಲ್ಲ, ಬಟ್ಟೆ ನೂಲಿನ ಸಂದೀಲೇ ನುಗ್ಗುತ್ತೆ."

ಚಿಕ್ಕಪ್ಪನಿಗೆ ಅವಮಾನವಾಯಿತು. ಯಂತ್ರದಿಂದ ಕಾಲು ತೆಗೆಯಲಿಲ್ಲ. ಕಲ್ಲಿಗೆ ನೀರೆರೆದಂತಾಯಿತು ನನ್ನ ಮಾತು. ಮರುದಿನ ಬೆಳಗ್ಗೆ ಪಕ್ಕದ ಮನೆಯವರು ಅವರನ್ನು ಕುರ್ಚಿಯಲ್ಲಿ ಕೂರಿಸಿಯೇ ಹೊತ್ತುಕೊಂಡು ಬಂದರು. ರಕ್ತದ ಆಮ್ಲಜನಕ ಎಂಬತ್ತೆರಡಕ್ಕೆ ಇಳಿದಿತ್ತು. ಮಾತಾಡಲು ಆಗುತ್ತಿರಲಿಲ್ಲ, ಆದರೂ ಬೆರಳಿನಿಂದ ಗವಸಿನ ಲೆಕ್ಕ ಹೇಳುತ್ತಿದ್ದರು.

ಚಿಕ್ಕಮ್ಮನಿಗೆ ಸುದ್ದಿ ಮುಟ್ಟಲು ಒಂದು ದಿನ ಹಿಡಿಯಿತು. ಹತ್ತನೇ ದಿನ ಮಧ್ಯಾಹ್ನ ನೀರಿನ ಗಾಡಿ ಹತ್ತಿಕೊಂಡು ಬಂದಳು. ಹುಬ್ಬು ಸುಟ್ಟಿತ್ತು. ಕಣ್ಣು ಕೆಂಡದಂತಿತ್ತು. ಮೈತುಂಬ ಹೊಗೆ. ವಾರ್ಡಿನ ಬಾಗಿಲಲ್ಲಿ ನಾನು ಕೈ ಅಡ್ಡ ಹಿಡಿದೆ.

"ಹೀಗೇ ಒಳಗೆ ಬರಬೇಡ ಚಿಕ್ಕಮ್ಮ. ಒಳಗಿರೋರೆಲ್ಲ ಉಸಿರಿನವರೇ."

ಆಕೆ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬದಲಿಗೆ ಆಸ್ಪತ್ರೆಯ ಹಿಂಬದಿಗೆ ಹೋಗಿ, ಹೊದಿಕೆ ಒಗೆಯುವ ಜಾಗದ ನಲ್ಲಿಯ ಕೆಳಗೆ ಕೂತು ತಲೆಗೆ ನೀರು ಬಿಟ್ಟುಕೊಂಡಳು. ನಾನು ಕೊಟ್ಟ ನರ್ಸ್ ಬಟ್ಟೆ ತೊಟ್ಟು ಒಳಗೆ ಬಂದಾಗ ಚಿಕ್ಕಪ್ಪನಿಗೆ ಅವಳನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮುಖದ ಮೇಲಿನ ಆಮ್ಲಜನಕದ ಗವಸನ್ನು ಒಂದು ಬೆರಳಿನಿಂದ ಎತ್ತಿ ಅವರು ಅಂದರು, "ಹೇಳಿಬಿಡು. ಒಳಗೆ ಇಟ್ಕೋಬೇಡ."

"ಏನನ್ನ?"

"ನಾನು ಹೇಳಿರಲಿಲ್ವಾ ಅಂತ."

"ಹೇಳೋಕೆ ಉಸಿರಿಲ್ಲ," ಎಂದಳು ಚಿಕ್ಕಮ್ಮ. ಗವಸನ್ನು ಮತ್ತೆ ಅವರ ಮೂಗಿಗೆ ಸರಿಮಾಡಿ ಕೂರಿಸಿದಳು. ಕಾಲು ಗಂಟೆ ಅವರ ಪಾದ ಹಿಡಿದುಕೊಂಡು ಕೂತಿದ್ದು, ಗಾಡಿ ಹಾರ್ನ್ ಮಾಡಿದ ತಕ್ಷಣ ಎದ್ದು ಹೋದಳು. ಹೊರಗೆ ಮೆಟ್ಟಿಲಲ್ಲಿ ಮಾತ್ರ ನನಗೆ ಕೇಳುವಂತೆ ಅಂದಳು, "ಇವರ ಎದೇಲಿ ಇರೋದು ಮೂರು ವರ್ಷದ ಎಲೆ ಕಣೇ. ಒಂದೊಂದು ವರ್ಷದ್ದು ಒಂದೊಂದು ದಿನ ಸುಟ್ಟಿದ್ರೆ ಮುಗಿದಿರೋದು."

ಹನ್ನೆರಡನೇ ದಿನ ಬೆಂಕಿ ಹತೋಟಿಗೆ ಬಂತು. ಚಿಕ್ಕಪ್ಪ ಮೂರು ವಾರ ಕಳೆದು ಮನೆಗೆ ಬಂದರು. ಆದರೆ ಮೊದಲಿನ ಎದೆ ವಾಪಸು ಬರಲಿಲ್ಲ. ಅರ್ಧ ಗಂಟೆ ಯಂತ್ರ ತುಳಿದರೆ ಒಂದು ಗಂಟೆ ಕೂರಬೇಕು.

ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ನಮ್ಮಲ್ಲಿ ಬರವಿಲ್ಲ. ಅರ್ಜಿಗೆ ಸಹಿ ಹಾಕಿದವರೇ ಬೀದಿಯಲ್ಲಿ ಚಿಕ್ಕಮ್ಮನನ್ನು ನಿಲ್ಲಿಸಿ, "ಮೊದಲೇ ಯಾಕೆ ಸುಡಲಿಲ್ಲ ನೀವು?" ಎಂದು ಕೇಳತೊಡಗಿದರು. ಆಕೆ ಹಲ್ಲು ಕಚ್ಚಿಕೊಂಡು ಮುಂದೆ ಹೋಗುತ್ತಿದ್ದಳು. ಮಳೆಗಾಲ ಮುಗಿದಾಗ ಸಾಹೇಬರೇ ಕರೆಸಿ, ಈ ಸಲ ಉಳಿದ ಕಾಡನ್ನು ಒಂಬತ್ತು ತುಂಡು ಮಾಡಿ ಸುಡೋಣ ಎಂದರು.

"ಸುಡ್ತೀನಿ ಸಾರ್. ಆದರೆ ಹಿಂದಿನ ದಿನ ಊರಿಗೆ ಗೊತ್ತಾಗಬೇಕು. ಉಸಿರಿನ ತೊಂದರೆ ಇರೋರ ಮನೆಗೆ ಆಳು ಹೋಗಿ ಹೇಳಬೇಕು."

"ಅದು ಆರೋಗ್ಯದವರ ಕೆಲಸ ಅಲ್ವೇನಮ್ಮ?"

ಆಕೆ ಆರೋಗ್ಯ ಕಚೇರಿಗೆ ಹೋದಳು. ಅವರು, ಹದಿನೈದು ದಿನ ಮೊದಲೇ ತಾರೀಖು ಬರೆದುಕೊಡಿ, ಆಗ ನೋಡೋಣ ಎಂದರು. ಗಾಳಿ ಹದಿನೈದು ದಿನ ಮೊದಲು ಯಾರಿಗೆ ಬರೆದುಕೊಡುತ್ತದೆ? ಎತ್ತು ಏರಿಗೆ, ಕೋಣ ನೀರಿಗೆ. ಎರಡು ಕಚೇರಿಯ ನಡುವೆ ಆಕೆ ಏಳು ಸಲ ಓಡಾಡಿದಳು. ಎಂಟನೇ ಸಲ ನಮ್ಮ ಆಸ್ಪತ್ರೆಗೆ ಬಂದು ಡಾಕ್ಟರಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಡಾಕ್ಟರಮ್ಮ ನನಗೆ, ಕಳೆದ ಬೇಸಿಗೆಯಲ್ಲಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ, ಒಪ್ಪಿದವರ ಹೆಸರು ಬರೆದುಕೊಳ್ಳಲು ಹೇಳಿದರು. ಅರವತ್ತಮೂರು ಮನೆ ಆಯಿತು.

ಚಿಕ್ಕಪ್ಪ ಈ ಸಲ ಗವಸು ಹೊಲಿಯಲಿಲ್ಲ. ಬಾಗಿಲಿನಷ್ಟು ಅಗಲಕ್ಕೆ ಬಟ್ಟೆಯ ಕೊಳವೆ ಹೊಲಿದು, ಒಳಗೆ ಮರಳು ತುಂಬಿ, ಬಾಗಿಲ ಕೆಳಗಿನ ಸಂದಿಗೆ ಒತ್ತಿಡುವ ದಿಂಡು ಮಾಡಿದರು. ಅದು ನಿಜವಾಗಿಯೂ ಉಪಯೋಗಕ್ಕೆ ಬಂತು. "ಇದರ ನೂಲಿನ ಸಂದೀಲಿ ಏನಾದ್ರೂ ನುಗ್ಗುತ್ತಾ ಕೇಳು ನಿನ್ನ ಡಾಕ್ಟರಮ್ಮನ್ನ," ಎಂದು ನನಗೆ ಚುಚ್ಚುವುದನ್ನು ಮಾತ್ರ ಬಿಡಲಿಲ್ಲ.

ಮೊದಲ ತುಂಡು ಸುಡುವ ಹಿಂದಿನ ದಿನ ಚಿಕ್ಕಮ್ಮನೂ ನಾನೂ ಅರವತ್ತಮೂರು ಮನೆ ಹತ್ತಿ ಇಳಿದೆವು. ಎರಡು ವಾರದಲ್ಲಿ ಮೂರು ತುಂಡು ಹೂವೆತ್ತಿದ ಹಾಗೆ ಮುಗಿದವು. ಹೊಗೆ ಗುಡ್ಡದ ಮೇಲೆ ಕಂಬದಂತೆ ನೇರ ನಿಂತು ಆಚೆಗೆ ಬಾಗಿತು. ಆಸ್ಪತ್ರೆಗೆ ಇಬ್ಬರು ಬಂದರು, ಮದ್ದು ತೆಗೆದುಕೊಂಡು ಮನೆಗೆ ಹೋದರು. ಆ ಎರಡು ವಾರ ಚಿಕ್ಕಮ್ಮ ಯಾರಿಗೂ ಬೈಯಲಿಲ್ಲ. ಗುಂಪಿನವರಿಗೆ ಆಕೆಗೆ ಹುಷಾರಿಲ್ಲವೇನೋ ಎಂದು ಅನುಮಾನ ಬಂತು.

ನಾಲ್ಕನೇ ತುಂಡಿನ ದಿನ ಮಧ್ಯಾಹ್ನ ಮೂರಕ್ಕೆ ಗಾಳಿ ನಿಂತುಬಿಟ್ಟಿತು. ಬೆಂಕಿ ಆರುತ್ತ ಬಂದಿತ್ತು, ಆದರೆ ಬಿದ್ದ ಮರದ ದಿಮ್ಮಿಗಳು ಒಳಗೊಳಗೇ ಹೊಗೆಯಾಡುತ್ತಿದ್ದವು. ಸಂಜೆ ತಂಪಾಗುತ್ತಿದ್ದಂತೆ ಹೊಗೆ ಮೇಲೆ ಏರದೆ, ನೀರಿನ ಹಾಗೆ ಇಳಿಜಾರು ಹಿಡಿದು ಊರ ತಗ್ಗಿನ ಬೀದಿಗೆ ಹರಿಯಿತು. ಏಳು ಜನ ಆಸ್ಪತ್ರೆಗೆ ಬಂದರು. ಅವರಲ್ಲಿ ಒಬ್ಬರು ಕೆಲಸದಿಂದ ನಿವೃತ್ತರಾದ ಅಂಚೆಯವರು, ಎಪ್ಪತ್ತು ದಾಟಿದವರು. ಹುಟ್ಟಿದಾಗಿನಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರನ್ನು ಒಳಗೆ ಮಲಗಿಸಿ ಆಮ್ಲಜನಕ ಕೊಟ್ಟೆವು.

ಚಿಕ್ಕಮ್ಮ ಹಿತ್ತಲಲ್ಲಿ ಸ್ನಾನ ಮುಗಿಸಿ ಓಡಿ ಬಂದಳು. ಅಂಚೆಯವರ ಮಗಳು ಕಾರಿಡಾರಿನಲ್ಲೇ ಅವಳನ್ನು ಹಿಡಿದಳು.

"ಅರವತ್ತಮೂರು ಮನೆಗೆ ಹೋದ್ರಂತೆ. ನಮ್ಮನೆ ದಾಟಿಕೊಂಡೇ ಹೋದ್ರಲ್ಲ. ಒಂದು ಸಲ ಬಾಗಿಲು ತಟ್ಟೋಕೆ ಏನಾಗಿತ್ತು?"

ಚಿಕ್ಕಮ್ಮ ಬಾಯಿ ತೆರೆದಳು. ಪಟ್ಟಿಯಲ್ಲಿರಲಿಲ್ಲ ಎನ್ನಬಹುದಿತ್ತು. ಊರಿಗೆಲ್ಲ ಹೇಳುವುದು ನನ್ನ ಕೆಲಸವಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. "ತಟ್ಟಬೇಕಿತ್ತಮ್ಮ," ಎಂದಷ್ಟೇ ಹೇಳಿ ಗೋಡೆಗೆ ಒರಗಿ ನಿಂತಳು. ಆಮೇಲೆ ನನ್ನ ಹತ್ತಿರ ಬಂದು, "ಸುಟ್ಟರೆ ಇವರು, ಸುಡದಿದ್ರೆ ನಿನ್ನ ಚಿಕ್ಕಪ್ಪ. ಎಲ್ಲಿಗೆ ಹೋಗಿ ಸಾಯ್ಲಿ ನಾನು?" ಎಂದಳು. ಆ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು. ಪಕ್ಕದಲ್ಲಿದ್ದ ಡಾಕ್ಟರಮ್ಮ, ಏಳು ಜನಕ್ಕೂ ಕಳೆದ ಬೇಸಿಗೆಯ ಸಾಲಿಗೂ ಹೋಲಿಕೆಯಿಲ್ಲ, ಆದರೆ ಈ ಏಳು ಜನರಿಗೆ ಆ ಮಾತು ಹೇಳೋಕಾಗಲ್ಲ ಎಂದರು.

ಅಂಚೆಯವರು ನಾಲ್ಕು ದಿನಕ್ಕೆ ಚೇತರಿಸಿಕೊಂಡು ಮನೆಗೆ ಹೋದರು. ಆದರೆ ಕಚೇರಿಯಿಂದ ಆದೇಶ ಬಂತು: ವಿಚಾರಣೆ ಮುಗಿಯುವವರೆಗೆ ಸುಡುವುದು ಬಂದ್. ಉಳಿದ ಐದು ತುಂಡು ಹಾಗೇ ನಿಂತವು. ಒಂದರ ಹಿಂದೆ ಒಂದು ಒಳ್ಳೆಯ ದಿನಗಳು ಬಂದು ಹೋದವು. ಎಲೆ ಒಣಗಿತ್ತು, ನೆಲ ಒದ್ದೆಯಿತ್ತು, ಗಾಳಿ ಗುಡ್ಡದ ಕಡೆಗಿತ್ತು. ಚಿಕ್ಕಮ್ಮ ಅಂಗಳದಲ್ಲಿ ನಿಂತು ಆಕಾಶ ನೋಡಿ ಒಳಗೆ ಬರುತ್ತಿದ್ದಳು. ಸೋಮವಾರ ಸೋಮವಾರ ಕಚೇರಿಗೆ ಹೋಗಿ ಕೇಳುತ್ತಿದ್ದಳು. ಗುಮಾಸ್ತರು ಆಕೆಯನ್ನು ಕಂಡರೆ ಕಡತದ ಹಿಂದೆ ಮುಖ ಅಡಗಿಸುವಷ್ಟಾಯಿತು.

ವಿಚಾರಣೆಯಲ್ಲಿ ಆಕೆಯದು ತಪ್ಪಿಲ್ಲ, ಉಳಿದ ತುಂಡುಗಳನ್ನು ಸುಡಬಹುದು ಎಂದು ಕಾಗದ ಬಂದದ್ದು ಒಂದು ಗುರುವಾರ. ಅಂದು ಬೆಳಗಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಸುರಿಯುತ್ತಿತ್ತು. ಕಾಗದ ತಂದ ಜವಾನ ಕೊಡೆ ಮಡಚಿ, ಸಹಿಗೆ ಪುಸ್ತಕ ಮುಂದೆ ಹಿಡಿದ. ಹತ್ತು ದಿನ ಎಲೆ ಒಣಗುವುದಿಲ್ಲ. ಒಣಗುವಷ್ಟರಲ್ಲಿ ಬೇಸಿಗೆ, ಬೇಸಿಗೆಯಲ್ಲಿ ಹಚ್ಚುವಂತಿಲ್ಲ. ಚಿಕ್ಕಮ್ಮ ಕಾಗದವನ್ನು ಎರಡು ಸಲ ಓದಿದಳು, ಸಹಿ ಹಾಕಿದಳು.

"ಒಳ್ಳೆ ಸುದ್ದಿ ಅಲ್ವಾ ಮೇಡಂ?" ಎಂದ ಜವಾನ.

"ಒಳ್ಳೆ ಸುದ್ದಿ. ಹೋಗಿ ನಿಮ್ಮ ಸಾಹೇಬರಿಗೆ ಹೇಳು, ಐದು ತುಂಡು ಕಾಡನ್ನ ಬಿಸಿಲಿಗೆ ಹರಡಿ ಒಣಗಿಸಿ ಕಳಿಸೋಕೆ."

ಒಳಗೆ ಚಿಕ್ಕಪ್ಪನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮೂ ಬಂತು. ಚಿಕ್ಕಮ್ಮ ಹೋಗಿ ಬೆನ್ನು ನೀವಿದಳು. ಕೆಮ್ಮು ನಿಂತಮೇಲೆ ಕಾಗದವನ್ನು ಅವರ ಕೈಗೆ ಕೊಟ್ಟು, ಪೆನ್ನು ಹುಡುಕಿ, ತಗ್ಗಿನ ಬೀದಿಯ ಮನೆಗಳನ್ನು ಆ ತುದಿಯಿಂದ ಒಂದೊಂದಾಗಿ ಬರೆಯತೊಡಗಿದಳು. ಬರುವ ಚಳಿಗಾಲಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು. ಅದಕ್ಕೂ ಮೊದಲು ದಾಟಬೇಕಾದ ಬೇಸಿಗೆ ಒಂದಿತ್ತು.